ಉಳಿದದ್ದನ್ನು ಕೊಡು

ವಾಸಾ ಪಟ್ಟಣದಲ್ಲಿ ಸಮುದ್ರ ಹೆಪ್ಪುಗಟ್ಟಿ ಎಂಟು ದಿನ.
ರಾತ್ರಿ ಎರಡಕ್ಕೆ ನಾನು, ಹಿಲ್ಕಾ,
ಪಂಪು ಮಾಡುವ ಕಂಪನಿಯ ಸರ್ವರಿಗೆ ಒಬ್ಬಳೇ ಕಾವಲು,
ಲಾಗ್ ಓದುತ್ತ ಕೂತಿದ್ದೇನೆ, ಬೇರೆಯವರು ಸ್ವೆಟರ್ ಹೆಣೆಯುವ ಹಾಗೆ,
ಕಣ್ಣು ಒಂದು ಕಡೆ, ಬುದ್ಧಿ ಒಂದು ಕಡೆ.

ಒಂದೇ ವಿಳಾಸ. ಒಂದೇ ಫೈಲು.
ಹನ್ನೊಂದು ಸಲ.

ಯಾವುದೆಂದು ನೋಡಿದೆ:
ಉಪ್ಪುನೀರು ಸಿಹಿ ಮಾಡುವ ಹಳೇ ಪಂಪಿನ ಕೈಪಿಡಿ.
ಆ ಮಾದರಿ ನಿಲ್ಲಿಸಿಯೇ ಹದಿನಾಲ್ಕು ವರ್ಷ.
ನಿವೃತ್ತನಾಗುವ ಮುಂಚಿನ ವಾರ ರೌನೊ
ಒಂದೊಂದೇ ಹಾಳೆ ಗಾಜಿನ ಮೇಲೆ ಬೋರಲು ಹಾಕಿ ಸ್ಕ್ಯಾನ್ ಮಾಡಿದ್ದು.
ಅರವತ್ತೊಂದನೇ ಪುಟದಲ್ಲಿ, ಸೀಲು ಬದಲಿಸುವ ಚಿತ್ರದ ಪಕ್ಕ,
ಅವನ ಕಾಫಿ ಲೋಟದ ಬಳೆ ಇದೆ.
"ಅಳಿಸಲೇ?" ಅಂದಿದ್ದೆ.
"ಬಿಡು, ಯಾರು ನೋಡ್ತಾರೆ."

ತೂಕ: ಒಂದು ಕೋಟಿ ನಲವತ್ತಾರು ಲಕ್ಷ
ಎಂಬತ್ತು ಸಾವಿರದ ಅರವತ್ತನಾಲ್ಕು ಬೈಟು.
ಪ್ರತಿ ಸಲವೂ ತೊಂಬತ್ತು ಲಕ್ಷದ ಆಸುಪಾಸು ಬಂದು
ಸಂಪರ್ಕ ಕಡಿದಿದೆ.

ವಿಳಾಸ ಟೊಂಗಾದ್ದು. ಯಾವ ದ್ವೀಪ, ಲಾಗ್ ಹೇಳುವುದಿಲ್ಲ.
ಇಲ್ಲಿ ರಾತ್ರಿ ಎರಡಾದರೆ ಅಲ್ಲಿ ಹಗಲು ಒಂದು,
ನೆತ್ತಿ ಸುಡುವ ಹೊತ್ತು,
ಯಾರೋ ಗ್ರೀಸು ಹತ್ತಿದ ಬೆರಳಲ್ಲಿ ಪರದೆ ಒತ್ತುತ್ತ,
ಹಿಂದೆ ಸಾಲಾಗಿ ಬಕೆಟ್ಟು, ಡಬ್ಬ, ಮಕ್ಕಳು…
ಇಲ್ಲ, ಇದು ನನ್ನ ಕಟ್ಟುಕತೆ. ಸುಮ್ಮನೆ
ಕುತೂಹಲದ ಹುಡುಗನೂ ಇರಬಹುದು.
ಆದರೆ ಕುತೂಹಲ ಹನ್ನೊಂದು ಸಲ ಕೇಳುವುದಿಲ್ಲ.

ಆಮೇಲೆ ಕಂಡದ್ದು:
ಮೂರನೇ ಸಲದಿಂದ ಬ್ರೌಸರ್ ಬೇರೆ ಥರ ಕೇಳುತ್ತಿದೆ.
ಮೊದಲೆರಡು ಸಲ "ಫೈಲು ಕೊಡು" ಎಂದದ್ದು, ಈಗ
"ಇಷ್ಟು ಬಂದಿದೆ, ಮುಂದಿನದು ಕೊಡು."
ಪಾಪ, ತುತ್ತಿನ ಲೆಕ್ಕ ಇಟ್ಟುಕೊಂಡು ಕೇಳುತ್ತಿದೆ.
ಮತ್ತು ನನ್ನ ಕೋಡು,
ಹತ್ತೊಂಬತ್ತು ಸಾಲು, ಆರು ವರ್ಷದ ಹಿಂದೆ ನಾನೇ ಬರೆದದ್ದು,
ಆ ಮಾತು ಕಿವಿಗೇ ಹಾಕಿಕೊಳ್ಳದೆ
"ಇನ್ನೂರು, ಸರಿ" ಎಂದು ಮುಖಪುಟದಿಂದ ಶುರು ಮಾಡಿದೆ.
ಒಂಬತ್ತು ಸಲ. ಸರಿ. ಸರಿ. ಸರಿ.
ಅರ್ಧ ಕತೆ ಕೇಳಿದ ಮಗುವಿಗೆ
ಮತ್ತೆ "ಒಂದಾನೊಂದು ಕಾಲದಲ್ಲಿ" ಎನ್ನುವ ಅಜ್ಜಿಯಾದರೂ
ನಿದ್ದೆಗಣ್ಣಲ್ಲಿ ಹಾಗೆನ್ನುತ್ತಾಳೆ. ನಾನು ಎಚ್ಚರದಲ್ಲೇ ಬರೆದಿದ್ದೆ.
ತಿಂಗಳ ವರದಿಯಲ್ಲಿ ಈ ಹನ್ನೊಂದೂ
ಹನ್ನೊಂದು ಯಶಸ್ಸು.

ಫೈಲು ಕಳಿಸುವುದೆಂದರೆ ಬಾಗಿಲಲ್ಲಿ ಸುರಿದು ಹೋಗುವುದಲ್ಲ.
ಯಾವ ಬಗೆಯದು, ಎಷ್ಟು ತೂಕ, ಯಾವ ಹೆಸರಲ್ಲಿ ಎತ್ತಿಡಬೇಕು,
ಮುಂಚೆ ಹೇಳಬೇಕು. ಆಮೇಲೆ ಒಂದು ಖಾಲಿ ಸಾಲು.
ಆಮೇಲೇ ಸರಕು.
ಎಲ್ಲಕ್ಕೂ ಮುಂಚೆ ಒಂದು ಅಕ್ಷರ ಜಾರಿದರೂ ಕಲಸುಮೇಲೋಗರ.
ಇಷ್ಟೆಲ್ಲ ಶಿಸ್ತು ಕಲಿತವಳು
ಎದುರಿನವರ ಕೈಯಲ್ಲಿ ಆಗಲೇ ಏನಿದೆ
ಎಂದು ಕೇಳುವುದೊಂದನ್ನು ಕಲಿತಿರಲಿಲ್ಲ.

ಏಳು ಸಾಲು ಸೇರಿಸಿದೆ. ತಪ್ಪಾಯಿತು, ಒಂದು ಬೈಟು ಹೆಚ್ಚು.
ಎಣಿಕೆ ಸೊನ್ನೆಯಿಂದ, ಮರೆತಿದ್ದೆ. ತಿದ್ದಿ
ಎರಡೂ ಮುಕ್ಕಾಲಿಗೆ ಚಾಲೂ ಮಾಡಿ ಕಾದೆ.
ಹೊರಗೆ ಹಿಮ ಗೋರುವ ಗಾಡಿ
ಹಳದಿ ದೀಪ ತಿರುಗಿಸುತ್ತ ಹೋಯಿತು.
ಯಾರೂ ಬರಲಿಲ್ಲ. ಬೇಸತ್ತು ಎದ್ದು ಹೋದರೇನೋ.
ಮೂರೂಕಾಲು.
ಮೂರೂವರೆ.

ಮೂರು ನಲವತ್ತೇಳಕ್ಕೆ ಅದೇ ವಿಳಾಸ:
"ತೊಂಬತ್ತು ಲಕ್ಷದ ನಾಲ್ಕು ಸಾವಿರದಿಂದ."
ಸರ್ವರ್ ಅಂದಿತು: "ಇನ್ನೂರ ಆರು. ತಗೋ, ಉಳಿದದ್ದು."
ಐವತ್ತಾರು ಲಕ್ಷ ಚಿಲ್ಲರೆ.
ನಡುವೆ ಎರಡು ಸಲ ಕಡಿಯಿತು,
ಎರಡು ಸಲವೂ ಕಡಿದಲ್ಲಿಂದಲೇ ಹೊಲಿಗೆ ಬಿತ್ತು.

ಆಮೇಲೆ ಆ ವಿಳಾಸ ಕಾಣಲಿಲ್ಲ.
ಸೀಲು ಸಿಕ್ಕಿತೋ, ಪಂಪು ತಿರುಗಿತೋ,
ಲಾಗಿನಲ್ಲಿ ಅದಕ್ಕೆ ಕಾಲಮ್ ಇಲ್ಲ.
ಅರವತ್ತೊಂದನೇ ಪುಟ ಮುಟ್ಟಿದೆ, ಅಷ್ಟು ಬಲ್ಲೆ,
ರೌನೊನ ಕಾಫಿ ಬಳೆ ಸಮೇತ.
ಬೆಳಿಗ್ಗೆ ಅವನಿಗೆ ಫೋನು ಮಾಡಬೇಕು. ಮರೆತರೂ ಮರೆತೆ.

ಕೆಟಲ್ ತುಂಬಲು ನಲ್ಲಿ ತಿರುಗಿಸಿದೆ.
ನೀರು ಬಂತು,
ಮೊದಲ ಸಲಕ್ಕೇ.